ಜಾರಿ ಬಿದ್ದೆ ಅಂದವಳು

ಸಿಂಧು ಸಾಯುವಾಗ ಇಡೀ ಥೇಟರು ಅಳುತ್ತದೆ. ಸೊಲ್ಲಾಪುರದಲ್ಲಿ ಮರಾಠಿ ನಾಟಕ ನೋಡುತ್ತ ಬೆಳೆದ ನಮ್ಮ ಕನ್ನಡ ಮನೆಗಳಲ್ಲೂ ‘ಏಕಚ್ ಪ್ಯಾಲಾ’ ಅಂದರೆ ಹಿರಿಯರ ಕಣ್ಣು ಒದ್ದೆಯಾಗುತ್ತಿತ್ತು. ಆ ಕಣ್ಣೀರಿನ ಮೇಲೇ ನನಗೆ ಸಿಟ್ಟು.

ಅದನ್ನು ಬರೆದ ರಾಮ ಗಣೇಶ ಗಡ್ಕರಿ 1919ರ ಜನವರಿಯಲ್ಲಿ ತೀರಿಕೊಂಡರು, ಇನ್ನೂ 33ರ ಹರೆಯ. ಮರುತಿಂಗಳೇ ಗಂಧರ್ವ ನಾಟಕ ಮಂಡಳಿ ಬಡೋದೆಯಲ್ಲಿ ಈ ನಾಟಕ ಆಡಿತು. ಸಿಂಧುವಿನ ಪಾತ್ರ ನಟ ಬಾಲಗಂಧರ್ವರದು. ಅಂದಿನಿಂದ ಕೇಳುತ್ತ ಬಂದಿದ್ದೇವೆ, ಇದು ಸಿಂಧುವಿನ ಗಂಡ ಸುಧಾಕರನ ದುರಂತವಂತೆ. ಬುದ್ಧಿವಂತ ವಕೀಲ, ಸ್ವಾಭಿಮಾನಿ, ಒಂದೇ ಒಂದು ಪ್ಯಾಲೆ ಹೆಂಡಕ್ಕೆ ಸೋತ, ಪಾಪ.

ಯಾಕೆ ಪಾಪ? ಕುಡಿದ, ಬಿಟ್ಟೆ ಅಂದ, ಮತ್ತೆ ಕುಡಿದ. ನಾಟಕದುದ್ದಕ್ಕೂ ಅವನು ಮಾಡಿದ್ದು ಇಷ್ಟೇ. ಸಿಂಧುವಿನ ತವರು ಶ್ರೀಮಂತರದು. ಆದರೂ ತವರಿನ ಕಾಸು ಮುಟ್ಟದೆ, ಪರರ ಕಾಳು ಬೀಸಿ ಕೂಸಿನ ಹೊಟ್ಟೆ ಹೊರೆಯುತ್ತಾಳೆ. ಆ ಮನೆಯಲ್ಲಿ ಒಲೆ ಉರಿದಿದ್ದರೆ ಅವಳ ರಟ್ಟೆಯಿಂದ. ನಾಟಕದ ಭಾರ ಹೊತ್ತವಳನ್ನು ಬಿಟ್ಟು, ಬಿದ್ದವನನ್ನು ನಾಯಕ ಅಂದೆವು. ಅವಳಿಗೆ ‘ಪತಿವ್ರತೆ’ ಅಂತ ಕುಂಕುಮ ಹಚ್ಚಿ ಮೂಲೆಗೆ ಕೂರಿಸಿದೆವು. ಅಕ್ಕಲಕೋಟೆ ಸೀಮೆಯ ಹಳ್ಳಿಗಳಲ್ಲಿ ನಸುಕಿಗೆದ್ದು ಜೋಳ ಬೀಸಿದ ನಮ್ಮ ಅಜ್ಜಿಯರು ಇಂಥ ತಪ್ಪು ಮಾಡಲಿಲ್ಲ. ಅವರ ಬೀಸುಕಲ್ಲಿನ ಪದಗಳಲ್ಲಿ ನಾಯಕಿ ಅವರೇ. ತವರು, ಅತ್ತೆಯ ಕಾಟ, ಸೋತ ತೋಳು, ಎಲ್ಲ ಅವರದೇ.

ಅದೇ ನಾಟಕದಲ್ಲಿ ತಳೀರಾಮನೆಂಬವನ ಹೆಂಡತಿ ಗೀತಾ ಇದ್ದಾಳೆ. ಕುಡುಕ ಗಂಡನಿಗೆ ಎದುರುತ್ತರ ಕೊಡುತ್ತಾಳೆ. ಅವಳು ಬಾಯಿ ತೆರೆದರೆ ನಗುತ್ತೇವೆ, ಸಿಂಧು ಬಾಯಿ ಮುಚ್ಚಿದರೆ ಆರತಿ ಎತ್ತುತ್ತೇವೆ.

ಇನ್ನು ಕೊನೆಯ ದೃಶ್ಯ. ಸುಧಾಕರನ ದೊಣ್ಣೆಗೆ ಕೂಸು ಸತ್ತಿದೆ, ಸಿಂಧುವಿನ ತಲೆ ಒಡೆದಿದೆ. ಪೊಲೀಸರ ಮುಂದೆ ಅವಳು ತಲೆ ತಿರುಗಿ ಬಿದ್ದೆ ಅನ್ನುತ್ತಾಳೆ. ಜನ ಇದನ್ನು ಪ್ರೀತಿ ಅಂದರು. ಸತ್ಯ ಹೇಳಿದ ಹೆಣ್ಣಿಗೆ ಆ ಕಾಲ ಯಾವ ಬಾಗಿಲು ತೆರೆದಿಟ್ಟಿತ್ತು? ಗಂಡನ ಮನೆಯೊಳಗಿನ ಕ್ರೌರ್ಯಕ್ಕೆಂದೇ ಒಂದು ಕಲಮು, 498ಎ, ಬಂದದ್ದು 1983ರಲ್ಲಿ. ಕೌಟುಂಬಿಕ ದೌರ್ಜನ್ಯದ ಕಾಯ್ದೆ 2005ರಲ್ಲಿ. ದಾರಿಯೆಲ್ಲ ಮುಚ್ಚಿ, ಗೋಡೆಗೆ ಒರಗಿ ನಿಂತವಳನ್ನು ಎಂಥ ತಾಳ್ಮೆ ಅಂತ ಹೊಗಳುವುದು ಕ್ರೌರ್ಯವೇ.

ನಮ್ಮ ಓಣಿಯಲ್ಲಿ ಮೈಂದರ್ಗಿ ಕಡೆಯಿಂದ ಸೊಲ್ಲಾಪುರಕ್ಕೆ ಲಗ್ನವಾಗಿ ಬಂದವಳೊಬ್ಬಳಿದ್ದಳು. ಬೀಡಿ ಕಟ್ಟುತ್ತಿದ್ದಳು. ಗಂಡನ ಮಗ್ಗ ನಿಂತಿತ್ತು, ಕುಡಿತ ನಿಂತಿರಲಿಲ್ಲ. ಒಂದು ರಾತ್ರಿ ದವಾಖಾನೆಯಲ್ಲಿ ಅವಳ ಹುಬ್ಬಿಗೆ ಹೊಲಿಗೆ ಹಾಕುತ್ತ ಡಾಕ್ಟರು ಏನಾಯ್ತಮ್ಮಾ ಅಂದರು. ಜೊತೆಗೆ ಹೋದ ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

“ನಳದ ಕಟ್ಟಿ ಮ್ಯಾಲ ಜಾರಿ ಬಿದ್ದೀನ್ರಿ” ಅಂದಳು.

ನಾನೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇಂದಿಗೂ ಸುಡುತ್ತದೆ.

ಮರುದಿನ ಬೆಳಿಗ್ಗೆ ಒಂದೇ ಕಣ್ಣು ತೆರೆದುಕೊಂಡು, ಮೊರ ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ತಂಬಾಕು ತುಂಬಿ ದಾರ ಸುತ್ತುತ್ತಿದ್ದಳು. ಸಂಜೆಯೊಳಗೆ ಕಾರ್ಖಾನೆಗೆ ಸಾವಿರ ಬೀಡಿ ಎಣಿಸಿ ಕೊಡಬೇಕು. ಎಂಟುನೂರಕ್ಕೆ ಕೈ ನಿಂತಿತು. ಉಳಿದ ಇನ್ನೂರನ್ನು ಓಣಿಯ ಹೆಂಗಸರು ಸುತ್ತ ಕೂತು ಕಟ್ಟಿದರು.