ಕಾಲುದಾರಿಗಳಿಗೂ ಕಲ್ಲು ನೆಡಬೇಕು

ಮಲೆನಾಡಿನ ಊರುಗಳಿಗೆ ಅಂಚು ಎಂಬುದೊಂದಿತ್ತು. ಸಾಗರದ ಪೇಟೆ ದಾಟಿ ಇಕ್ಕೇರಿಯ ಕಡೆಗೆ ಹೆಜ್ಜೆ ಹಾಕಿದರೆ ಮನೆಗಳ ಸಾಲು ಮುಗಿದು ಗದ್ದೆಯ ಬದು ಸಿಗುತ್ತಿತ್ತು. ಮುಂದೆ ಹಳ್ಳಕ್ಕೆ ಅಡಿಕೆ ಮರದ ಸಂಕ, ಅದರಾಚೆ ತೋಟ, ತೋಟದ ಮೇಲ್ಬದಿಗೆ ಸೊಪ್ಪಿನ ಬೆಟ್ಟ. ದಣಪೆಯ ಗಳುಗಳನ್ನು ಸರಿಸಿ ಒಳಹೊಕ್ಕು, ಮತ್ತೆ ಮೊದಲಿನಂತೆ ಇರಿಸಿ ಹೋಗುವವನನ್ನು ಯಾರೂ ತಡೆಯುತ್ತಿರಲಿಲ್ಲ. ಯಾವ ಕಡೆ ಹೊರಟದ್ದು ಎಂದು ವಿಚಾರಿಸುತ್ತಿದ್ದರು, ಅಷ್ಟೆ. ಅಘೋರೇಶ್ವರ ದೇಗುಲದವರೆಗಿನ ಐದಾರು ಕಿಲೋಮೀಟರ್‌ಗಳನ್ನು ಶಾಲೆಯ ದಿನಗಳಲ್ಲಿ ನಾವು ದೂರವೆಂದು ಎಣಿಸಿದ್ದೇ ಇಲ್ಲ.

ಇಂದು ಅದೇ ಅಂಚಿನಲ್ಲಿ ನಡೆಯಹೊರಟವರಿಗೆ ಎದುರಾಗುವುದು ನಿವೇಶನದ ಕಲ್ಲುಗಳು, ತಂತಿ ಬೇಲಿ, ಬೀಗ ಹಾಕಿದ ಗೇಟು. ಬೇಲಿ ಹಾಕುವವರ ಕಷ್ಟ ಸುಳ್ಳಲ್ಲ. ಅಡಿಕೆ ಕಳ್ಳತನದ ಭಯವಿದೆ, ಕಾಡುಹಂದಿ, ಕಾಡುಕೋಣಗಳ ಕಾಟವಿದೆ. ನಡೆಯುವವರಿಗೂ ಅಳುಕಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ಬಲಿ ಪಡೆಯಿತು. ಉಣುಗು ಹೆಚ್ಚುವ ತಿಂಗಳುಗಳಲ್ಲಿ ಬೆಟ್ಟಕ್ಕೆ ಕಾಲಿಡಲು ಜನ ಹಿಂಜರಿಯುವುದು ಸಹಜ. ಆದರೆ ಋತುವಿನ ಭಯ ಬೇರೆ, ವರ್ಷವಿಡೀ ಬೀಗ ಬೇರೆ.

ದಾರಿ ಕಳೆದುಕೊಳ್ಳುವುದು ಈ ಸೀಮೆಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳೊಂದಿಗೆ ಅವುಗಳನ್ನು ಬೆಸೆದಿದ್ದ ಹಾದಿಗಳೂ ಶರಾವತಿಯ ಹಿನ್ನೀರಿಗೆ ಸಂದವು. ನಾಡಿಗೆ ವಿದ್ಯುತ್ ಬಂತೆಂಬ ಸಮಾಧಾನವಾದರೂ ಅಂದು ಇತ್ತು. ಇಂದಿನ ನಷ್ಟಕ್ಕೆ ಆ ಸಮಾಧಾನವೂ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ವಾಹನಗಳಲ್ಲಿ ಬಂದು ಕವಿಶೈಲದಲ್ಲಿ ಚಿತ್ರ ತೆಗೆಸಿಕೊಳ್ಳುವ ನಾವು, ಕುವೆಂಪು ಆ ಬಂಡೆಯನ್ನು ತಲುಪಿದ್ದು ಮನೆಯಿಂದ ಗುಡ್ಡ ಹತ್ತಿ ಎಂಬುದನ್ನು ಮರೆತಿದ್ದೇವೆ.

ಇದನ್ನು ಬರಿಯ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ. ದಾರಿ ಮುಚ್ಚಿದಾಗ ಸುತ್ತಿ ಬರಬೇಕಾದವರು ತೋಟದ ಕೆಲಸಕ್ಕೆ ಹೋಗುವ ಹೆಂಗಸರು, ಶಾಲೆಗೆ ನಡೆಯುವ ಮಕ್ಕಳು, ಕಾರಿನಲ್ಲಿ ಓಡಾಡುವವರಲ್ಲ.

ಪರಿಹಾರ ಕಷ್ಟದ್ದೇನೂ ಅಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿಗಳಿಗೆ ಗುರುತುಗಳಿವೆ. ನಕ್ಷೆಯಲ್ಲಿ ಕಾಣದ ದಾರಿಗೂ ರೂಢಿಯ ಬಲವಿರಬಹುದು. ರೂಢಿಯಿಂದ ಬಂದ ಹಕ್ಕನ್ನು 1882ರ ಅನುಭೋಗ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. ಹೊಸ ಬಡಾವಣೆಗೆ ಒಪ್ಪಿಗೆ ನೀಡುವ ಮುನ್ನ ಆ ನಕ್ಷೆ ಬಿಡಿಸಿ ನೋಡಿ, ದಾರಿಯುದ್ದಕ್ಕೂ ಗಡಿಕಲ್ಲು ನೆಡಿಸುವುದು ಸ್ಥಳೀಯ ಸಂಸ್ಥೆಗಳಿಗೆ ದೊಡ್ಡ ಹೊರೆಯಾಗದು. ತೋಟದವರು ಬೇಲಿ ಹಾಕಿಕೊಳ್ಳಲಿ, ದಣಪೆಗೊಂದು ಜಾಗ ಬಿಡಲಿ.

ಉಳಿದದ್ದು ನಮ್ಮ ಪಾಲಿನ ಕೆಲಸ. ಹಬ್ಬಕ್ಕೆಂದು ಬೆಂಗಳೂರಿನಿಂದ ಊರಿಗೆ ಬರುವವರು ಒಂದು ಸಂಜೆಯಾದರೂ ಕಾರನ್ನು ಅಂಗಳದಲ್ಲೇ ಬಿಟ್ಟು ಹೊರಡಬೇಕು. ಜನ ತುಳಿಯುತ್ತಿರುವ ದಾರಿಯನ್ನು ಮುಚ್ಚುವುದು ಅಷ್ಟು ಸುಲಭವಲ್ಲ.