ಹಳೇ ಜೀಪಿಗೆ ಯಾವ ಬೋಲ್ಟಾದ್ರೂ ಆಗ್ತದಾ?

"ಕೂತ್ರೆ ಸಾಕು ಬಿಡಿ ಸಾರ್, ಹಳೇ ಗಾಡಿ ತಾನೆ?" ಈ ಮಾತು ಕೇಳಿ ಕೇಳಿ ರೋಸಿ ಹೋಗಿದೆ. ಇವತ್ತು ತೋಟ ಬಿಟ್ಟು ಬೋಲ್ಟಿನ ವಿಷಯ ಬರೀತೇನೆ. ಕೊಟ್ಟಿಗೆ ಪಕ್ಕ ಅಪ್ಪನ ಕಾಲದ ಮಹೀಂದ್ರಾ ಜೀಪ್ ನಿಲ್ಲಿಸ್ಕೊಂಡು "ಒಂದಿನ ರೆಡಿ ಮಾಡಿಸ್ಬೇಕು" ಅಂತಿರೋರು ಓದಿ.

ಹೋದ ಕೊಯ್ಲಲ್ಲಿ ಅಡಿಕೆ ಗೊನೆ ತುಂಬ್ಕೊಂಡು ಇಳಿಜಾರಲ್ಲಿ ಬರ್ತಿದ್ದೆ. ಹಿಂದೆ ಇಬ್ಬರು ಆಳುಗಳು. ಎಡಗಡೆ ಹಿಂದಿನ ಚಕ್ರ ಕುಣಿಯೋಕೆ ಶುರುವಾಯ್ತು. ನಿಲ್ಲಿಸಿ ನೋಡಿದ್ರೆ ಐದರಲ್ಲಿ ಮೂರು ನಟ್ಟು ಸಡಿಲ. ಇನ್ನೊಂದು ತಿರುವು ದಾಟಿದ್ರೆ ಚಕ್ರ ಹಳ್ಳದಲ್ಲಿ, ನಾವೂ ಹಳ್ಳದಲ್ಲಿ.

ಕಾರಣ ಏನು ಗೊತ್ತಾ? ಹಳೇ ವಿಲ್ಲೀಸ್ ಮಾದರಿ ಜೀಪುಗಳಲ್ಲಿ ಎಡಗಡೆ ಚಕ್ರದ ಸ್ಟಡ್ಡಿಗೆ ಉಲ್ಟಾ ಥ್ರೆಡ್. ಚಕ್ರ ತಿರುಗುವಾಗ ನಟ್ಟು ತಾನಾಗಿ ಬಿಚ್ಚಬಾರದು ಅಂತ ಮಾಡಿದ್ದು. ಪೇಟೆಯ ಗ್ಯಾರೇಜಿನವನು ಅದು ತಿಳಿಯದೆ ಪಾನಾಕ್ಕೆ ಪೈಪ್ ಹಾಕಿ ಎಡಕ್ಕೆ ತಿರುಗಿಸಿ ಎರಡು ಸ್ಟಡ್ ಮುರಿದ. ಆ ಜಾಗಕ್ಕೆ ಮಾಮೂಲಿ ಥ್ರೆಡ್ಡಿನವು ಹಾಕಿದ, ನನಗೆ ಹೇಳಲೂ ಇಲ್ಲ. ಆಮೇಲೆ ಇನ್ಯಾರೋ ಪಂಕ್ಚರ್ ಹಾಕಿ ಐದನ್ನೂ ಬಲಕ್ಕೇ ತಿರುಗಿಸಿದ. ಎರಡು ಬಿಗಿಯಾದವು, ಮೂರು ಸಡಿಲವಾದವು. ಸ್ಟಡ್ಡಿನ ತುದಿಯ ತುಕ್ಕು ಉಜ್ಜಿದ್ರೆ 'ಎಲ್' ಅಕ್ಷರ ಕಾಣ್ತದೆ. ಉಜ್ಜುವಷ್ಟು ತಾಳ್ಮೆ ಯಾರಿಗಿದೆ?

ಇನ್ನೊಂದು ಮೋಸ ಅಳತೆಯದ್ದು. ಇವು ಇಂಚಿನ ಗಾಡಿಗಳು. 5/16 ಇಂಚಿನ ಬೋಲ್ಟ್ ಅಂದ್ರೆ 7.94 ಮಿಲಿಮೀಟರ್. ಅಂಗಡಿಯವನು 8 ಎಂಎಂ ಕೊಡ್ತಾನೆ, ಕಣ್ಣಿಗೆ ಒಂದೇ ಥರ. ಆದರೆ ಥ್ರೆಡ್ ಬೇರೆ. ಎರಡು ಸುತ್ತು ಹೋಗಿ ಹಿಡೀತದೆ, ನಮ್ಮವರು ಜೋರು ಮಾಡ್ತಾರೆ. ಹಾಳಾಗೋದು ಹತ್ತು ರೂಪಾಯಿ ಬೋಲ್ಟಲ್ಲ, ಇಂಜಿನ್ ಬ್ಲಾಕಿನ ತೂತು. ತಲೆ ಮೇಲೆ ಮೂರು ಗೀರಿದ್ದ ಗಟ್ಟಿ ಬೋಲ್ಟ್ ತೆಗೆದು, ಗುರುತೇ ಇಲ್ಲದ ಮೆದು ಬೋಲ್ಟ್ ಹಾಕೋದೂ ಇದೇ ಜಾತಿ ಕೆಲಸ.

"ಒರಿಜಿನಲ್ ಹುಡುಕೋದು ದುಡ್ಡಿದ್ದವರ ಶೋಕಿ" ಅಂತೀರಿ. ಪ್ರದರ್ಶನಕ್ಕೆ ಹೊಳೆಯೋ ಬೋಲ್ಟ್ ಹಾಕೋದು ಶೋಕಿ, ಒಪ್ತೇನೆ. ನಾನು ಹೇಳ್ತಿರೋದು ಅದಲ್ಲ. ಒರಿಜಿನಲ್ ಅಂದ್ರೆ ಸವೆದ ಹಳೇದನ್ನೇ ಮತ್ತೆ ಹಾಕೋದೂ ಅಲ್ಲ. ಅದೇ ಅಳತೆ, ಅದೇ ಥ್ರೆಡ್, ಅದೇ ಗಟ್ಟಿತನ, ಹೊಸದಾದ್ರೂ ಸೈ.

ತಪ್ಪು ಬರೀ ಮೆಕ್ಯಾನಿಕ್ಕಿನದ್ದೂ ಅಲ್ಲ. ಬಿಚ್ಚಿದ ಬೋಲ್ಟುಗಳನ್ನ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದವರು ನಾವೇ. ಇನ್ನಾದ್ರೂ ಬಿಚ್ಚಿದ್ದನ್ನ ಡಬ್ಬಿಗೆ ಹಾಕಿ, ಎಲ್ಲಿಯದ್ದು ಅಂತ ಚೀಟಿ ಅಂಟಿಸಿ. ಒಂದು ಥ್ರೆಡ್ ಗೇಜ್ ತಗೊಳ್ಳಿ. ಅಂಗಡಿಗೆ ಬಾಯಿಮಾತಲ್ಲಿ ಹೋಗ್ಬೇಡಿ, ಹಳೇ ಬೋಲ್ಟ್ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಇಲ್ಲಿ ಸಿಗದಿದ್ರೆ ಬೆಂಗಳೂರಿನ ಜೆಸಿ ರಸ್ತೆ ಇದೆ.

ನನ್ನ ಡಬ್ಬಿಯಲ್ಲಿ ಉಲ್ಟಾ ಥ್ರೆಡ್ಡಿನ ಸ್ಟಡ್ ನಾಲ್ಕು ಮಿಕ್ಕಿವೆ. ಬೇಕಾದವರು ಬನ್ನಿ, ದುಡ್ಡು ಬೇಡ. ನಿಮ್ಮ ಎಡಗಡೆ ಚಕ್ರ ಮಾತ್ರ ಇವತ್ತೇ ಒಮ್ಮೆ ನೋಡ್ಕೊಳ್ಳಿ.