ಗುರಿಯೂ ಹಳೆಯದಾಗುತ್ತದೆ

ಸಿವಿಲ್ ಸರ್ವೀಸಸ್ ಪ್ರಿಲಿಮ್ಸ್ ಫಲಿತಾಂಶದ ಪಟ್ಟಿಯಲ್ಲಿ ಇರುವುದು ಪಾಸಾದವರು ಮಾತ್ರ. ಫೇಲಾದವನಿಗೆ ಫೇಲಾದೆ ಎಂದು ಯಾರೂ ತಿಳಿಸುವುದಿಲ್ಲ. ಅವನೇ ಫೋನಿನಲ್ಲಿ ಪಿಡಿಎಫ್ ತೆರೆದು ತನ್ನ ನಂಬರು ಹಾಕಿ ಹುಡುಕಬೇಕು. ಸಿಗದಿದ್ದರೆ ಎಲ್ಲೋ ಒಂದು ಅಂಕಿ ತಪ್ಪು ಒತ್ತಿರಬೇಕೆಂದು ಮತ್ತೆ ಹುಡುಕಬೇಕು, ಮೂರನೇ ಸಲಕ್ಕೆ ಸುಮ್ಮನಾಗಬೇಕು. ಅಷ್ಟರಲ್ಲಿ ಕೋಚಿಂಗಿನ ಟೆಲಿಗ್ರಾಂ ಗುಂಪಿನಲ್ಲಿ ಸಂದೇಶ ಬಂದಿರುತ್ತದೆ: ಆದದ್ದನ್ನು ಮರೆಯಿರಿ, ಗುರಿಯ ಮೇಲೆ ಕಣ್ಣಿಡಿ. ಅದರ ಕೆಳಗೆ ಮುಂದಿನ ವರ್ಷದ ಬ್ಯಾಚಿನ ಶುಲ್ಕ. ಬೇಗ ಸೇರಿದವರಿಗೆ ರಿಯಾಯಿತಿ.

ದೆಹಲಿಯ ಓಲ್ಡ್ ರಾಜಿಂದರ್ ನಗರ, ಹೈದರಾಬಾದಿನ ಅಶೋಕ ನಗರ, ಚೆನ್ನೈನ ಅಣ್ಣಾ ನಗರ, ಪುಣೆಯ ಸದಾಶಿವ ಪೇಠ, ನಮ್ಮವೇ ಆದ ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ, ಎಲ್ಲ ಕಡೆಯೂ ಇದೇ ಮಾತು. ಭಾಷೆ ಬೇರೆ, ಗೋಡೆಯ ಬಣ್ಣ ಬೇರೆ. ಕೇಳಲು ಹಿತವಾಗಿರುವುದರಿಂದ ಯಾರೂ ಇದನ್ನು ತಿರುಗಿಸಿ ನೋಡುವುದಿಲ್ಲ. ಈ ಮಾತಿನಿಂದ ಲಾಭ ಯಾರಿಗೆ ಎಂದು ಕೇಳುವುದಂತೂ ಅಮಂಗಳ.

ಲೆಕ್ಕದಿಂದ ಶುರು ಮಾಡಬಹುದು. 2022ರ ಪರೀಕ್ಷೆಗೆ ಅರ್ಜಿ ಹಾಕಿದವರು ಸುಮಾರು 11 ಲಕ್ಷ 35 ಸಾವಿರ. ಪ್ರಿಲಿಮ್ಸ್ ಬರೆದವರು 5 ಲಕ್ಷ 73 ಸಾವಿರ. ಮೇನ್ಸ್‌ಗೆ ಹೋದವರು 13 ಸಾವಿರ ಚಿಲ್ಲರೆ, ಸಂದರ್ಶನಕ್ಕೆ 2,529, ಕೊನೆಗೆ ಆಯ್ಕೆಯಾದವರು 933. ಇದು ಆಯೋಗವೇ ಪ್ರಕಟಿಸಿದ ಲೆಕ್ಕ, ಗುಟ್ಟೇನಲ್ಲ. ಬರೆದವರಲ್ಲಿ ಆರುನೂರಕ್ಕೆ ಒಬ್ಬರು. ಉಳಿದವರಿಗೆಲ್ಲ ಪ್ರತಿ ವರ್ಷ ಮರೆಯಿರಿ ಎಂದು ಹೇಳಲಾಗುತ್ತದೆ. ಆ ಉಳಿದವರು ಮರೆಯದಿದ್ದರೆ ಈ ಬೀದಿಗಳ ಬಾಡಿಗೆ ಇಳಿಯುತ್ತದೆ.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಇಂಥವರು ಕರೋಲ್ ಬಾಗ್ ಮೆಟ್ರೋದ ಸುತ್ತ ಸಾಕಷ್ಟು ಸಿಗುತ್ತಾರೆ. ಸಿಂಧನೂರು ಕಡೆಯವನು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್. ಪಿಯುಸಿಯಲ್ಲಿದ್ದಾಗ ಕಾಲೇಜಿನ ವಾರ್ಷಿಕೋತ್ಸವಕ್ಕೆ ಜಿಲ್ಲಾಧಿಕಾರಿ ಬಂದಿದ್ದರು. ಎಲ್ಲರೂ ಎದ್ದು ನಿಂತರು. ಎದ್ದು ನಿಂತವರಲ್ಲಿ ಇವನ ಹೆಡ್‌ಮಾಸ್ತರ್ ಸೋದರಮಾವನೂ ಇದ್ದ. ಗುರಿ ನಿಶ್ಚಯವಾದದ್ದು ಅಲ್ಲಿ, ಹದಿನೇಳನೇ ವಯಸ್ಸಿನಲ್ಲಿ. ಈಗ ಇಪ್ಪತ್ತೊಂಬತ್ತು. ನಾಲ್ಕು ಅಟೆಂಪ್ಟ್ ಮುಗಿದಿವೆ. ಎರಡು ಸಲ ಪ್ರಿಲಿಮ್ಸ್ ದಾಟಿದ್ದಾನೆ, ಎರಡು ಸಲವೂ ಮೇನ್ಸ್‌ನಲ್ಲಿ ನಿಂತಿದ್ದಾನೆ. ಒಬಿಸಿಯಾದ್ದರಿಂದ ಒಂಬತ್ತು ಅಟೆಂಪ್ಟ್, ಮೂವತ್ತೈದರವರೆಗೆ ಅವಕಾಶ. ಸಾಮಾನ್ಯ ವರ್ಗದವನಾಗಿದ್ದರೆ ಆರು, ಮೂವತ್ತೆರಡು. ಸೌಲಭ್ಯ ನ್ಯಾಯವಾದದ್ದೇ. ಆದರೆ ಬಾಗಿಲು ಹೆಚ್ಚು ಹೊತ್ತು ತೆರೆದಿದ್ದಷ್ಟೂ ಅದರ ಮುಂದೆ ಟಿಕೆಟ್ ಮಾರುವವನಿಗೆ ಅನುಕೂಲ.

ಈ ಹುಡುಗನ ಬದುಕಿನಲ್ಲಿ ಯಾವುದು ಹಳೆಯದು? ನಾಲ್ಕು ಸೋಲುಗಳು ಹೊಸವು. ಅವು ನಿನ್ನೆ ಮೊನ್ನೆಯವು, ವಯಸ್ಕನೊಬ್ಬ ಕೈಯಾರೆ ಗಳಿಸಿದ ಮಾಹಿತಿ. ಗುರಿಗೆ ಹನ್ನೆರಡು ವರ್ಷ. ಅದನ್ನು ಆಯ್ದವನು ಹೊರಗಿನ ಲೋಕವನ್ನೇ ನೋಡದ ಒಬ್ಬ ಪಿಯುಸಿ ಹುಡುಗ, ಅದೂ ಮಾವನ ಕೈ ಮುಗಿದ ಭಂಗಿ ಕಂಡು. ಇವನ ಗತಕಾಲದಲ್ಲಿ ಅತ್ಯಂತ ಹಳೆಯ ಸಾಮಾನು ಎಂದರೆ ಆ ಗುರಿಯೇ. ಗತವನ್ನು ಬಿಡು ಎಂದು ಪ್ರಾಮಾಣಿಕವಾಗಿ ಹೇಳುವವನು ಅದರಿಂದ ಶುರು ಮಾಡಬೇಕಿತ್ತು. ಈ ಘೋಷಣೆ ಮಾಡುವುದು ಉಲ್ಟಾ: ಹೊಸ ತಿಳಿವಳಿಕೆಯನ್ನು ಎಸೆ, ಹಳೆಯ ಆಸೆಯನ್ನು ಹಿಡಿದುಕೋ.

ಕನ್ನಡ ಈ ವಿಷಯದಲ್ಲಿ ಸ್ವಲ್ಪ ಹುಷಾರಾಗಿದೆ. ದುಡುಕುವವನನ್ನು ಬೈಯಲು ನಾವು ಬಳಸುವ ಮಾತು 'ಹಿಂದುಮುಂದು ನೋಡದೆ' ಎನ್ನುವುದು. ಬರೀ ಮುಂದೆ ನೋಡುವವನನ್ನು ಹೊಗಳಲು ಅಷ್ಟು ಗಟ್ಟಿಯಾದ ನುಡಿಗಟ್ಟು ನಮ್ಮಲ್ಲಿ ಸುಲಭಕ್ಕೆ ಸಿಗದು. ಅಲ್ಲದೆ ಮುಂದೆ ಎನ್ನುವ ಪದದ ನೆಂಟರನ್ನು ಗಮನಿಸಿ. ಮುಂಚೆ, ಮುನ್ನ ಎರಡೂ ಅದೇ ಬೇರಿನವು, ಎರಡೂ ಹೇಳುವುದು ಮೊದಲೇ ಆಗಿಹೋದದ್ದನ್ನು. ಕಣ್ಣೆದುರು ಇರುವುದು ಬರಲಿರುವುದೂ ಹೌದು, ಆಗಿಹೋದದ್ದೂ ಹೌದು. ಇನ್ನು ಗುರಿ. ಬಿಲ್ಲುಗಾರನಿಗೆ ಗುರಿ ಇರುತ್ತದೆ. ಟೀಕೆಗೆ, ವಂಚನೆಗೆ, ರೋಗಕ್ಕೆ ಮನುಷ್ಯ ಗುರಿಯಾಗುತ್ತಾನೆ. ಗುರಿ ಇಡುವವನಿಗೂ ಏಟು ತಿನ್ನುವವನಿಗೂ ನಮ್ಮಲ್ಲಿ ಒಂದೇ ಪದ. ಪದಗಳಿಂದ ಬದುಕಿನ ತೀರ್ಮಾನ ತೆಗೆಯಬಾರದು ಎನ್ನುವುದು ಸರಿ. ಆದರೂ ಓಲ್ಡ್ ರಾಜಿಂದರ್ ನಗರದ ಗಲ್ಲಿಯಲ್ಲಿ ನಿಂತಾಗ ಈ ಎರಡನೇ ಅರ್ಥವೇ ಮೊದಲು ನೆನಪಾಗುತ್ತದೆ.

ಮರೆಯಿರಿ ಎನ್ನುವವರು ಎಂಥದ್ದನ್ನು ಮರೆಸುತ್ತಿದ್ದಾರೆ ಎನ್ನುವುದಕ್ಕೆ ಒಂದು ವಿವರ ಸಾಕು. ಪ್ರಿಲಿಮ್ಸ್‌ನಲ್ಲಿ ಬಂದ ಅಂಕ, ಅಧಿಕೃತ ಕೀ ಉತ್ತರ, ಕಟ್ ಆಫ್, ಈ ಮೂರೂ ಅಭ್ಯರ್ಥಿಗೆ ಸಿಗುತ್ತಿದ್ದುದು ಆ ವರ್ಷದ ಇಡೀ ಪ್ರಕ್ರಿಯೆ ಮುಗಿದ ಮೇಲೆ. ಹತ್ತಿರ ಹತ್ತಿರ ಒಂದು ವರ್ಷ. ಅಷ್ಟು ಹೊತ್ತಿಗೆ ಮುಂದಿನ ಪ್ರಿಲಿಮ್ಸ್ ಬಾಗಿಲಲ್ಲಿ ನಿಂತಿರುತ್ತಿತ್ತು. ಪರೀಕ್ಷೆ ಮುಗಿದ ಕೂಡಲೇ ತಾತ್ಕಾಲಿಕ ಕೀ ಕೊಡುತ್ತೇವೆ ಎಂದು ಆಯೋಗ ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡದ್ದು 2025ರಲ್ಲಿ. ಅಲ್ಲಿಯತನಕ, ಎರಡು ಅಂಕದಲ್ಲಿ ಹೋಯಿತೋ ನಲವತ್ತು ಅಂಕದಲ್ಲಿ ಹೋಯಿತೋ ತಿಳಿಯದೆಯೇ ಹುಡುಗರು ಹೊಸ ಬ್ಯಾಚಿಗೆ ದುಡ್ಡು ಕಟ್ಟಿದ್ದಾರೆ. ಎರಡು ಅಂಕದವನು ಇನ್ನೊಮ್ಮೆ ಬರೆಯಬೇಕು. ಸತತ ಮೂರು ವರ್ಷ ನಲವತ್ತು ಅಂಕದಲ್ಲಿ ಬಿದ್ದವನು ಬೇರೆ ದಾರಿಯ ಬಗ್ಗೆ ಮಾತಾಡಬೇಕು. ಇಬ್ಬರಿಗೂ ಒಂದೇ ಸಂದೇಶ ಕಳಿಸಲಾಗುತ್ತಿತ್ತು.

ಗುರಿಯ ಬಗ್ಗೆ ಹತ್ತಾರು ವರ್ಷ ಸಂಶೋಧನೆ ಮಾಡಿದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಹೆಸರನ್ನು ಪ್ರೇರಣೆಯ ಭಾಷಣಕಾರರು ತುಂಬ ಬಳಸುತ್ತಾರೆ. ಸ್ಪಷ್ಟವಾದ, ಕಷ್ಟದ ಗುರಿ ಇಟ್ಟುಕೊಂಡವರು ಹೆಚ್ಚು ಸಾಧಿಸುತ್ತಾರೆ ಎನ್ನುವಲ್ಲಿಗೆ ಭಾಷಣ ನಿಲ್ಲುತ್ತದೆ. ಆ ಇಬ್ಬರೂ ಹಾಕಿದ ಷರತ್ತನ್ನು ಯಾರೂ ಹೇಳುವುದಿಲ್ಲ: ಎಲ್ಲಿಯವರೆಗೆ ಬಂದೆ, ಎಷ್ಟು ಹಿಂದಿದ್ದೇನೆ ಎನ್ನುವುದು ಆಗಾಗ ಗೊತ್ತಾಗುತ್ತಿರಬೇಕು. ಗುರಿ ಕೆಲಸ ಮಾಡಬೇಕಾದರೆ ನಿನ್ನೆಯ ಲೆಕ್ಕ ಬೇಕು. ಲೆಕ್ಕವಿಲ್ಲದ ಗುರಿ ಹರಕೆಯಾಗುತ್ತದೆ. ಹರಕೆಗೆ ದೇವಸ್ಥಾನವಿದೆ, ಅಲ್ಲಿ ಜಿಎಸ್‌ಟಿ ಸೇರಿಸಿ ಲಕ್ಷಾಂತರ ರೂಪಾಯಿ ಕೇಳುವುದಿಲ್ಲ.

ಇಷ್ಟೆಲ್ಲ ಮರೆವನ್ನು ಬೋಧಿಸುವವರ ನೆನಪಿನ ಶಕ್ತಿ ಮಾತ್ರ ಅಗಾಧ. ಹತ್ತು ವರ್ಷದ ಹಿಂದಿನ ಟಾಪರ್ ಮುಖವೂ ಹೋರ್ಡಿಂಗಿನಲ್ಲಿ ಇನ್ನೂ ನಗುತ್ತಿರುತ್ತದೆ. ಆದರೆ ಅದೂ ಅರ್ಧ ನೆನಪು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಈಚಿನ ವರ್ಷಗಳಲ್ಲಿ ಹಲವು ಐಎಎಸ್ ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿತು. ಕಾರಣ ಸರಳ. ಜಾಹೀರಾತಿನಲ್ಲಿ ನಮ್ಮ ವಿದ್ಯಾರ್ಥಿ ಎಂದು ತೋರಿಸಿದವರಲ್ಲಿ ಅನೇಕರು ಅಲ್ಲಿಗೆ ಬಂದದ್ದು ಸಂದರ್ಶನದ ತಯಾರಿಗೆ ಮಾತ್ರ, ಅಂದರೆ ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ತಾವೇ ದಾಟಿದ ಮೇಲೆ. ಆ ಸಂಗತಿಯನ್ನು ಮುಚ್ಚಿಟ್ಟಿದ್ದರು. 2024ರ ನವೆಂಬರಿನಲ್ಲಿ ಇದಕ್ಕೆಂದೇ ಮಾರ್ಗಸೂಚಿಯೂ ಬಂತು. ಗೆದ್ದವನ ಗತವನ್ನು ತಿದ್ದಿ ಮಾರಾಟ ಮಾಡುವುದು, ಸೋತವನ ಗತವನ್ನು ಅವನ ಕೈಯಿಂದ ಕಿತ್ತುಕೊಳ್ಳುವುದು, ಎರಡೂ ಒಂದೇ ಅಂಗಡಿಯ ಕೆಲಸ.

ಕೊರಗಿನ ಮಾತು ಬೇರೆ, ಅದನ್ನು ಒಪ್ಪಲೇಬೇಕು. ಒಂದು ಪ್ರಶ್ನೆಗೆ ಬಿ ಎಂದು ಹಾಕಿದ್ದನ್ನು ಸಿಗೆ ಬದಲಿಸಿ ಕೆಟ್ಟೆ ಎಂದು ಆರು ತಿಂಗಳು ರಾತ್ರಿ ಮಗ್ಗುಲು ಬದಲಿಸುವವನಿಗೆ ಲೆಕ್ಕ ಸಿಗುವುದಿಲ್ಲ, ನಿದ್ದೆ ಹಾಳಾಗುತ್ತದೆ ಅಷ್ಟೆ. ಇಂಥ ಮೆಲುಕಿನಿಂದ ಖಿನ್ನತೆ ಗಾಢವಾಗುತ್ತದೆ ಎಂದು ಸೂಸನ್ ನೋಲನ್-ಹೂಕ್ಸಿಮಾ ವರ್ಷಗಟ್ಟಲೆ ತೋರಿಸಿದರು. ಆದರೆ ಅದಕ್ಕೆ ಮದ್ದು ಮರೆವಿನ ಆಜ್ಞೆಯೇ? ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರು ಅದನ್ನು ಮನಸ್ಸಿನಿಂದ ಹೊರಗಿಡಲಾಗದೆ ಒದ್ದಾಡಿದರು, ಆಮೇಲೆ ಬಿಟ್ಟಾಗ ಇನ್ನೂ ಹೆಚ್ಚು ನೆನೆದರು. ಕಾರ್ಸ್ಟನ್ ರಾಶ್ ಮತ್ತು ಸಂಗಡಿಗರು 2003ರಲ್ಲಿ ಬರೆದದ್ದು ಇನ್ನೂ ನೇರವಾಗಿದೆ. ಕೈಗೆಟುಕದ ಗುರಿಯನ್ನು ಬಿಡಬಲ್ಲವರು, ಬಿಟ್ಟು ಬೇರೊಂದನ್ನು ಹಿಡಿಯಬಲ್ಲವರು, ಹೆಚ್ಚು ನೆಮ್ಮದಿಯಿಂದ ಇರುವುದು ಕಂಡುಬಂತು. ಬಿಡುವ ಕಲೆ ಎಂದು ಒಂದಿದ್ದರೆ ಅದು ಇದು. ಯಾವ ಕೋಚಿಂಗಿನ ಗೋಡೆಯ ಮೇಲೂ ಇದು ಬರುವುದಿಲ್ಲ.

ಐದನೇ, ಆರನೇ ಅಟೆಂಪ್ಟ್‌ನಲ್ಲಿ ಗೆದ್ದವರ ಮಾತೇನು ಎಂದು ಕೇಳುವವರಿರುತ್ತಾರೆ. ಅಂಥವರು ಇದ್ದಾರೆ, ಅವರ ಬಗ್ಗೆ ಗೌರವವೂ ಇರಬೇಕು. ಅವರ ಸಂದರ್ಶನಗಳನ್ನು ಕೂತು ಪೂರ್ತಿ ಕೇಳಿದರೆ ಐಚ್ಛಿಕ ವಿಷಯ ಬದಲಿಸಿದೆ, ಉತ್ತರ ಬರೆಯುವ ರೀತಿ ತಿದ್ದಿಕೊಂಡೆ, ಪ್ರಬಂಧದಲ್ಲಿ ಯಾಕೆ ಕಡಿಮೆ ಬಂತೆಂದು ಹುಡುಕಿದೆ ಎಂಬಂಥ ಮಾತು ಮತ್ತೆ ಮತ್ತೆ ಬರುತ್ತದೆ. ಅವರು ಏನನ್ನೂ ಮರೆತಿಲ್ಲ. ಅವರ ಕಥೆಯಿಂದ ಆ ಭಾಗವನ್ನು ಕತ್ತರಿಸಿ, ಛಲವನ್ನಷ್ಟೇ ಉಳಿಸಿ ಪೋಸ್ಟರ್ ಮಾಡುತ್ತಾರೆ.

ನಮ್ಮ ಹುಡುಗನಿಗೆ ಮರೆಯಲು ಕೊಟ್ಟ ಪಟ್ಟಿಯಲ್ಲಿ ಕನ್ನಡವೂ ಇದೆ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು, ಆದರೆ ದೆಹಲಿಯ ತರಗತಿಯಲ್ಲಿ ಆ ಆಯ್ಕೆಗೆ ಪಾಠವೂ ಟೆಸ್ಟ್ ಸೀರೀಸೂ ಅಪರೂಪ. ಕನ್ನಡ ಮಾಧ್ಯಮ ಎನ್ನುವುದು ನಿನ್ನ ಹಳೆಯ ಕಥೆ, ಈಗ ಗುರಿಯತ್ತ ನೋಡು ಎಂದರೆ ಅದರ ಅರ್ಥ ಇಷ್ಟೇ: ವ್ಯವಸ್ಥೆಯ ಓರೆಯನ್ನು ನಿನ್ನ ಮನಸ್ಸಿನ ದೌರ್ಬಲ್ಯ ಎಂದು ತಿಳಿದುಕೋ.

ಮರೆಯದೆ ಕೂತವರಿಂದ ಏನಾಗುತ್ತದೆ ಎನ್ನುವುದನ್ನೂ ಅದೇ ಓಲ್ಡ್ ರಾಜಿಂದರ್ ನಗರ ತೋರಿಸಿದೆ. 2024ರ ಜುಲೈ 27ರ ಸಂಜೆ ಮಳೆನೀರು ನುಗ್ಗಿ ಒಂದು ಕೋಚಿಂಗ್ ಸಂಸ್ಥೆಯ ನೆಲಮಾಳಿಗೆಯಲ್ಲಿ ಮೂವರು ಅಭ್ಯರ್ಥಿಗಳು ಸತ್ತರು. ಮೇನ್ಸ್‌ಗೆ ಎರಡು ತಿಂಗಳೂ ಉಳಿದಿರಲಿಲ್ಲ. ಆದರೂ ವಿದ್ಯಾರ್ಥಿಗಳು ಪುಸ್ತಕ ಬದಿಗಿಟ್ಟು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ದೆಹಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಕೊಟ್ಟಿತು, ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ಅನುಮತಿ ಮೀರಿ ನಡೆಯುತ್ತಿದ್ದ ಎಷ್ಟೋ ನೆಲಮಾಳಿಗೆಗಳಿಗೆ ಬೀಗ ಬಿತ್ತು. ವೈಯಕ್ತಿಕ ಗುರಿಯ ಲೆಕ್ಕದಲ್ಲಿ ಆ ದಿನಗಳು ದಂಡ. ಆ ದಂಡ ತೆತ್ತವರಿಂದಲೇ ಉಳಿದವರ ಓದುವ ಕೋಣೆಗೆ ಒಂದು ಕಿಟಕಿಯಾದರೂ ಬೇಕೆಂಬ ಮಾತು ಎದ್ದಿತು.

ಮನೆಯವರ ಪಾಲೂ ಇದರಲ್ಲಿದೆ, ಅದನ್ನು ಹೇಳುವುದು ಹೆಚ್ಚು ಕಷ್ಟ. ಅಪ್ಪ ಎರಡು ಎಕರೆ ಅಡವಿಟ್ಟಿರುತ್ತಾರೆ, ತಂಗಿಯ ಮದುವೆ ಮುಂದಕ್ಕೆ ಹೋಗಿರುತ್ತದೆ. ಫೋನಿನಲ್ಲಿ ಅವ್ವ 'ಇಷ್ಟ್ ವರ್ಷ ಓದಿದಿ, ಇನ್ನೊಂದ್ ಸಲ ನೋಡಪ್ಪಾ' ಎನ್ನುತ್ತಾಳೆ. ಹುಡುಗನನ್ನು ಆ ಪೀಜಿಯ ಮಂಚಕ್ಕೆ ಕಟ್ಟಿಹಾಕಿರುವುದು ಇದು, ಈಗಾಗಲೇ ಹೋದ ವರ್ಷಗಳು. ಗತವನ್ನು ಬಿಡು ಎನ್ನುವ ಸಂಸ್ಥೆಗಳು ಈ ಒಂದು ಗತವನ್ನು ಮಾತ್ರ ಎಂದೂ ಬಿಡಲು ಹೇಳುವುದಿಲ್ಲ. ಹೋದ ಆರು ವರ್ಷದ ಭಯವೇ ಏಳನೇ ವರ್ಷದ ಶುಲ್ಕ ತರುತ್ತದೆ.

ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರ ವಿವರವನ್ನು, ಅವರು ಒಪ್ಪಿದರೆ, ಬೇರೆ ಉದ್ಯೋಗದಾತರಿಗೆ ಕೊಡುವ ವ್ಯವಸ್ಥೆಯನ್ನು ಆಯೋಗವೇ ಮಾಡಿದೆ, ಈಗ ಅದಕ್ಕೆ ಪ್ರತಿಭಾ ಸೇತು ಎಂದು ಹೆಸರು. ಸೋತ ಪ್ರಯತ್ನಕ್ಕೂ ಬೆಲೆಯಿದೆ ಎಂದು ಸರ್ಕಾರಿ ಭಾಷೆಯಲ್ಲಿ ಹೇಳಿದ ಹಾಗೆ. ಆದರೆ ಅದು ತಲುಪುವುದು ಕೆಲವೇ ಸಾವಿರ ಮಂದಿಗೆ. ಪ್ರಿಲಿಮ್ಸ್‌ನಲ್ಲೇ ನಾಲ್ಕು ಸಲ ನಿಂತವನಿಗೆ ಇಂಥ ಸೇತುವೆಯಿಲ್ಲ. ಅವನಿಗೆ ಮೂರನೇ ವರ್ಷದ ಕೊನೆಗೆ ಎದುರು ಕೂತು ಅಂಕಗಳನ್ನು ಹರಡಿ, ಇದು ಹೀಗಿದೆ, ಏನು ಮಾಡುತ್ತೀಯಪ್ಪ ಎಂದು ಕೇಳುವವರು ಬೇಕು. ದುಡ್ಡು ತೆಗೆದುಕೊಂಡ ಸಂಸ್ಥೆ ಅದನ್ನು ಮಾಡಬಹುದಿತ್ತು. ಆ ಎಲ್ಲ ಅಂಕಪಟ್ಟಿಗಳೂ ಅದರ ಕಂಪ್ಯೂಟರಿನಲ್ಲೇ ಇವೆ.

ಇಷ್ಟಾಗಿ ಅವನೊಮ್ಮೆ ಸಂದರ್ಶನದ ತನಕ ಹೋದ ಎನ್ನೋಣ. ಅದಕ್ಕೆ ಮೊದಲು ಅದೇ ಕೋಚಿಂಗಿನಲ್ಲಿ ಅಣಕು ಸಂದರ್ಶನ ನಡೆಯುತ್ತದೆ. ಟೈ ಕಟ್ಟಿ ಕೂತ ಹುಡುಗನ ಮುಂದೆ ನಿವೃತ್ತ ಅಧಿಕಾರಿಯೊಬ್ಬರು ಅವನ ವಿವರದ ಹಾಳೆ ತಿರುವಿ, ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: "ಇಂಜಿನಿಯರಿಂಗ್ ಮುಗಿದು ಏಳು ವರ್ಷವಾಗಿದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ?"